ಕ್ಯಾಸೆಟ್ ಮಿತಾಕ್ಷರಾ: ದಾಯವಿಭಾಗ ಪ್ರಕರಣ

ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆ ಬರೆದ ವಿಜ್ಞಾನೇಶ್ವರ, ಊರನ್ನೂ ಅರಸನನ್ನೂ ಕೊನೆಗೆ ತನ್ನನ್ನೂ ಹೊಗಳಿಯೇ ಗ್ರಂಥ ಮುಗಿಸಿದ. ಹೊಲ, ಮನೆ, ಸಾಲ, ಸ್ತ್ರೀಧನ ಎಂದು ಹಂಚುವುದನ್ನೂ ಹಂಚಬಾರದ್ದನ್ನೂ ಹೇಳಿದ ಈ ಮಹಾನುಭಾವ ಒಂದು ಸೊತ್ತನ್ನು ಮಾತ್ರ ಬಿಟ್ಟುಬಿಟ್ಟ: ಲಗ್ನದ ವಿಡಿಯೋ ಕ್ಯಾಸೆಟ್. ವಿಎಚ್‌ಎಸ್ ಬಂದದ್ದು 1976ರಲ್ಲಿ, ಆತ ಬರೆದದ್ದು ಅದಕ್ಕೆ ಎಂಟು ಶತಮಾನಕ್ಕೂ ಮೊದಲು ಎಂಬ ಸಬೂಬು ಶಾಸ್ತ್ರದ ಮುಂದೆ ನಡೆಯುವುದಿಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನಾದರೂ ಮಾನಸೋಲ್ಲಾಸದ ನೂರು ಅಧ್ಯಾಯಗಳಲ್ಲಿ ಅಡುಗೆಯಿಂದ ಆನೆಯವರೆಗೆ ಬರೆದನೇ ಹೊರತು ಈ ವಿನೋದದ ಸುದ್ದಿ ಎತ್ತಲಿಲ್ಲ. ಕಲ್ಯಾಣದ ಪಂಡಿತರು ಉಳಿಸಿಹೋದ ಈ ಬಾಕಿಯನ್ನು ಚುಕ್ತಾ ಮಾಡಲು ಪ್ರಕೃತ ಪ್ರಕರಣ ಆರಂಭವಾಗುತ್ತದೆ.

ದೃಷ್ಟಾಂತ ಹೀಗೆ. ವರ ಬಸವಕಲ್ಯಾಣದವ, ಕನ್ಯೆ ಹುಮನಾಬಾದಿನವಳು. ಲಗ್ನವಾದದ್ದು 1990ರ ದಶಕದಲ್ಲಿ. ಹೆಗಲ ಮೇಲೆ ಹೊರುವ ಪ್ಯಾನಾಸಾನಿಕ್ ಕ್ಯಾಮೆರಾದವ ಮುಂದೆ. ಸಾವಿರ ವ್ಯಾಟಿನ ಹ್ಯಾಲೊಜನ್ ಲೈಟನ್ನು ತಲೆಯ ಮೇಲೆತ್ತಿಕೊಂಡು, ವೈರು ಎಳೆಯುತ್ತ ಬರುವ ಹುಡುಗ ಹಿಂದೆ. ಆ ಲೈಟು ಮೈಮೇಲೆ ಬಿದ್ದ ಕೂಡಲೇ ಬೀಗರೆಲ್ಲ ಊಟ ನಿಲ್ಲಿಸಿ, ತುತ್ತು ಕೆನ್ನೆಯಲ್ಲೇ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ ಗಂಭೀರರಾದರು. ಈಗ ಆ ದಂಪತಿಗೆ ಮೂರು ಮಕ್ಕಳು, ಅಲ್ಮಾರಿಯಲ್ಲಿ ಒಂದು ಕ್ಯಾಸೆಟ್ಟು. ಮಕ್ಕಳ ಬೇಡಿಕೆಯೂ ಒಂದೇ: "ಡಿವಿಡಿ ಮಾಡಸ್ರಿ ಪಪ್ಪಾ, ಆದ್ರ ಚಿತ್ರ ಕೆಡಬಾರ್ದು."

ಕೆಡುವ ಮಾತು ಆಮೇಲೆ. ಮೊದಲು ಸೊತ್ತು ಯಾರದು? ವಿವಾಹಾಗ್ನಿಯ ಮುಂದೆ ಹೆಣ್ಣಿಗೆ ಬಂದದ್ದು ಸ್ತ್ರೀಧನ. ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಲಿಂಗಾಯತರ ಲಗ್ನದಲ್ಲಿ ಹೋಮವೇ ಇಲ್ಲ, ಅಗ್ನಿ ಎಲ್ಲಿಂದ ಬಂತು? ಹಾಗಲ್ಲ. ಸಾವಿರ ವ್ಯಾಟಿನ ಎದುರಿಗೆ ತಾಸುಗಟ್ಟಲೆ ಕೂತ ಮದುಮಗಳನ್ನು ಕೇಳಿ ನೋಡಿ. ಅಗ್ನಿ ಸಿದ್ಧವಾಯಿತು, ಆದ್ದರಿಂದ ಕ್ಯಾಸೆಟ್ಟು ಸ್ತ್ರೀಧನ.

ಪೂರ್ವಪಕ್ಷಿ ಸುಮ್ಮನಾಗುವ ಪೈಕಿ ಅಲ್ಲ. ಇದು ಪಿತ್ರಾರ್ಜಿತವೇ ಎಂದು ಹಿಡಿದು, ಲಗ್ನದಲ್ಲಿ ಓಡಾಡಿದ ವರನ ತಂಗಿಯ ಪಾಲಿಗೆ ಅಡ್ಡಗಾಲು ಹಾಕುತ್ತಾನೆ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅಷ್ಟೊತ್ತಿಗೆ ಲಗ್ನವಾದವರನ್ನು ಹೊರಗಿಟ್ಟಿತು. ಅವಳ ಲಗ್ನ ಆಗ ಆಗಿತ್ತೋ ಇಲ್ಲವೋ? ಸಾಕ್ಷಿ ಕ್ಯಾಸೆಟ್ಟಿನಲ್ಲೇ ಇದೆ, ಚಿತ್ರದ ಮೂಲೆಯಲ್ಲಿ ಮಿನುಗುವ ತಾರೀಖು. ಈ ತಾರೀಖನ್ನು ನಂಬುವ ಮೊದಲು ಇತಿಹಾಸ ನೆನೆಯಬೇಕು. ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿದವನೇ ಶಕವರ್ಷವನ್ನು ಬದಿಗೆ ಸರಿಸಿ ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ. ಒಳಗಿನ ಸೆಲ್ಲು ಸತ್ತ ಕ್ಯಾಮೆರಾವೂ ಅದನ್ನೇ ಮಾಡುತ್ತದೆ. ಪ್ರತಿಸಲ ಸ್ವಿಚ್ ಹಾಕಿದಾಗ ಅದರ ಪಟ್ಟಾಭಿಷೇಕ, ಅಂದಿನಿಂದ ಹೊಸ ಶಕೆ. 2005ರ ಕೇಂದ್ರ ತಿದ್ದುಪಡಿ ಬಂದು ತಂಗಿಯ ಗಂಡಾಂತರ ಕಳೆಯಿತೆನ್ನಿ. ಈಗ ಅವಳಿಗೂ ಒಂದು ಡಿವಿಡಿ ಬರೆಯಬೇಕು.

ಇನ್ನು ಮುಖ್ಯ ಪ್ರಶ್ನೆ: ನಕಲು ಮೂಲಕ್ಕೆ ಏನಾಗಬೇಕು? ಸಪಿಂಡತ್ವವನ್ನು ವಿಜ್ಞಾನೇಶ್ವರ ಶ್ರಾದ್ಧದ ಪಿಂಡದಿಂದ ಅಳೆಯಲಿಲ್ಲ. ಒಂದೇ ಶರೀರದ ಅಂಶ ಹರಿದುಬಂದವರೆಲ್ಲ ಸಪಿಂಡರು ಎಂದ. ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ಆ ಸಂಬಂಧ ಮುಗಿಯುತ್ತದೆ. ವಿಎಚ್‌ಎಸ್ ವಂಶ ಅಷ್ಟು ದೂರ ಬಾಳುವುದಿಲ್ಲ. ಅಡ್ಡಕ್ಕೆ ಎಣಿಸಿದರೆ ಮೂಲದಲ್ಲೇ ಇರುವುದು ಸುಮಾರು 240 ಗೆರೆಗಳಷ್ಟು ವಿವರ. ಮೊದಲ ನಕಲಿನಲ್ಲಿ ಇಳಕಲ್ ಸೀರೆಯ ಅಂಚು ಹೋಗುತ್ತದೆ. ಎರಡನೆಯದರಲ್ಲಿ ಕೆಂಪು ಬಣ್ಣ ಸೀರೆ ಬಿಟ್ಟಿಳಿದು ಪಕ್ಕದ ಮಾವನವರ ಧೋತರದ ಮೇಲೆ ಹಬ್ಬುತ್ತದೆ. ಮೂರನೆಯದರಲ್ಲಿ ವರ ಯಾರು, ವರನ ಅಣ್ಣ ಯಾರು ಎಂಬುದನ್ನು ಬಾಸಿಂಗ ನೋಡಿಯೇ ತೀರ್ಮಾನಿಸಬೇಕು.

ಮನೆಯಲ್ಲಿರುವುದು ಮೂಲವೆಂದು ತಿಳಿದಿದ್ದರೆ ಅದೂ ಭ್ರಮೆ. ಹಾಡು ಸೇರಿಸಿ, ಹೃದಯಾಕಾರದೊಳಗೆ ವಧೂವರರ ಮುಖ ಕೂಡಿಸಿ ವಿಡಿಯೋದವ ಕೊಟ್ಟದ್ದು ಬಹುಮಟ್ಟಿಗೆ ನಕಲೇ. ಮೂಲದ ಮೇಲೆ ಮುಂದಿನ ವಾರ ಇನ್ನೊಬ್ಬರ ಲಗ್ನ ಬರೆದು ಟೇಪು ಉಳಿಸುವುದು ಆ ಧಂಧೆಯ ರೂಢಿಯಾಗಿತ್ತು. ಆದ್ದರಿಂದ ಬೀಗರ ಮನೆಯಲ್ಲೂ ಒಂದು ಪ್ರತಿ ಇದ್ದರೆ ಎರಡನ್ನೂ ಹಾಕಿ ನೋಡಿ, ತಲೆಮಾರಿನಲ್ಲಿ ಹಿರಿದಾದದ್ದನ್ನೇ ಆರಿಸಬೇಕು. ಸೂತ್ರ: ಮೂಲಾಭಾವೇ ನಕಲು, ನಕಲಾಭಾವೇ ಬಾಯಿಮಾತು.

1995ರಲ್ಲಿ ಹುಟ್ಟಿದ ಮಿನಿಡಿವಿ ಕುಲ ಮಾತ್ರ ಇದಕ್ಕೆ ಅಪವಾದ. ಅದು ಚಿತ್ರವನ್ನು ಅಂಕಿಗಳಲ್ಲಿ ಬರೆಯುತ್ತದೆ, ಸೆಕೆಂಡಿಗೆ 25 ಮೆಗಾಬಿಟ್. ಫೈರ್‌ವೈರ್ ಕೇಬಲಿನಿಂದ ಕಂಪ್ಯೂಟರಿಗೆ ಇಳಿಸಿದರೆ ತಾಸಿಗೆ ಸುಮಾರು 13 ಜಿಬಿ, ಟೇಪು ಚೆನ್ನಾಗಿದ್ದರೆ ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ಏಳಲ್ಲ, ಎಪ್ಪತ್ತು ತಲೆಮಾರಾದರೂ ಸಪಿಂಡ. ಆದರೆ ಅದನ್ನು ಡಿವಿಡಿಗೆ ಕೊಡುವಾಗ ಕುಗ್ಗಿಸಲೇಬೇಕು, ಕೆಡುವುದು ಅಲ್ಲಿಯೇ.

ಈಗ ಎರಡು ಸಂಪ್ರದಾಯಗಳು. ಕಲ್ಯಾಣ ಸಂಪ್ರದಾಯದವರು ವಿಸಿಆರ್‌ನಿಂದ ನೇರ ಡಿವಿಡಿ ರೆಕಾರ್ಡರಿಗೆ ವೈರು ಎಳೆದು, ಚಹಾ ಕುಡಿಯಲು ಹೋಗುತ್ತಾರೆ. ಸಸ್ತಾಪುರ ಬಂಗ್ಲಾ ದಾಟಿದರೆ ಮತ ಬದಲಾಗುತ್ತದೆ. ಮಾಣಿಕ ಪ್ರಭುಗಳ ಸಕಲಮತದ ನೆರಳಿನಲ್ಲಿರುವ ಹುಮನಾಬಾದ್ ಸಂಪ್ರದಾಯ ವಿಎಚ್‌ಎಸ್, ಹೈ8, ಮಿನಿಡಿವಿ ಯಾವುದನ್ನೂ ತಿರಸ್ಕರಿಸದೆ, ಎಲ್ಲವನ್ನೂ ಮೊದಲು ಕಂಪ್ಯೂಟರಿಗೆ ಹಾಕಿ ಆಮೇಲೆ ಡಿಸ್ಕಿಗೆ ಬರೆಯುತ್ತದೆ. (ಈ ವಿಭಾಗ ಪೂರ್ತಿ ಪ್ರಕರಣಕಾರನ ಸೃಷ್ಟಿ. ಶಾಸ್ತ್ರಕ್ಕೆ ಎರಡು ಪಕ್ಷ ಬೇಕೇ ಬೇಕು.)

ವೈರಿನ ವಿಷಯದಲ್ಲಿ ಮಾತ್ರ ಇಬ್ಬರೂ ತಪ್ಪುವುದುಂಟು. ಕ್ಯಾಸೆಟ್ಟಿನೊಳಗೆ ಬೆಳಕು ಮತ್ತು ಬಣ್ಣ ಮೊದಲೇ ಪಾಲಾಗಿ ಬೇರೆ ಬೇರೆ ಒಲೆ ಹೂಡಿವೆ. ಬೆಳಕು ಮೇಲಿನ ಆವರ್ತನದಲ್ಲಿ, ಬಣ್ಣ ಕೆಳಗಿನದರಲ್ಲಿ. ಹಳದಿ ಪಿನ್ನಿನ ವೈರು ಅವನ್ನು ಮತ್ತೆ ಒಂದೇ ಮನೆಗೆ ಕೂಡಿಹಾಕುತ್ತದೆ. ಪಾಲಾದವರು ಮತ್ತೆ ಕೂಡುವುದಕ್ಕೆ ಶಾಸ್ತ್ರದಲ್ಲಿ ಸಂಸೃಷ್ಟಿ ಎಂದು ಹೆಸರು. ಅದು ತಂದೆ, ಅಣ್ಣತಮ್ಮ, ಕಾಕಾ ಇವರೊಡನೆ ಮಾತ್ರ ಸಲ್ಲುತ್ತದೆ. ಬೆಳಕು-ಬಣ್ಣಗಳ ನಡುವೆ ಆ ನಂಟಿಲ್ಲ. ಅತ್ತ ಕಡೆ ರೆಕಾರ್ಡರು ಅವನ್ನು ಮತ್ತೆ ಪಾಲು ಮಾಡುವಾಗ ಇವನದು ಅವನಿಗೆ, ಅವನದು ಇವನಿಗೆ ಹೋಗಿ, ಹಂದರದ ಅಂಚಿನಲ್ಲಿ ಚುಕ್ಕೆಗಳು ಹರಿದಾಡುತ್ತವೆ. ಎಸ್-ವಿಎಚ್‌ಎಸ್ ಡೆಕ್ ಸಿಕ್ಕರೆ ಅದರ ಎಸ್-ವಿಡಿಯೋ ವೈರು ಇಬ್ಬರನ್ನೂ ಬೇರೆ ಬೇರೆಯಾಗಿಯೇ ಕರೆದೊಯ್ಯುತ್ತದೆ. ಗೆರೆಗಳು ಓಲಾಡುತ್ತಿದ್ದರೆ ಟೈಂ ಬೇಸ್ ಕರೆಕ್ಟರ್ ಇರುವ ಡೆಕ್ ಹುಡುಕಬೇಕು. ಹುಡುಕುವುದು ಸುಲಭವಲ್ಲ, ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತು. ಬೂಷ್ಟು ಹಿಡಿದ ಟೇಪನ್ನು ಮಾತ್ರ ಹಾಗೇ ತೂರಿಸಬಾರದು. ಹೆಡ್ ಕೆಟ್ಟರೆ ಆ ಸೂತಕ ಮುಂದಿನವರ ಕ್ಯಾಸೆಟ್ಟಿಗೂ ತಗಲುತ್ತದೆ.

ಬಾವಿಯ ನೀರು, ತೊಟ್ಟ ಬಟ್ಟೆಯಂತೆ ಅವಿಭಾಜ್ಯವಾದದ್ದೂ ಒಂದಿದೆ. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರಕ್ಕೆ ಬೆಸ ಗೆರೆ, ಸರಿ ಗೆರೆಗಳ ಎರಡು ಅರ್ಧ. ಡಿವಿಡಿಯೂ ಅದನ್ನು ಹಾಗೇ ಒಪ್ಪುತ್ತದೆ. ಚಿತ್ರ ನುಣುಪಾಗಲೆಂದು ಕಂಪ್ಯೂಟರಿನಲ್ಲಿ ಅವನ್ನು ಬೆರೆಸಿದರೆ ಓಟ ಮುಗ್ಗರಿಸುತ್ತದೆ. ಅರ್ಧಗಳ ಸರದಿ ಅದಲುಬದಲಾದರಂತೂ ಮೆರವಣಿಗೆ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಕೊನೆಯದು ಪರಿಮಾಣ. "ಮೂರು ತಾಸಿನ ಕ್ಯಾಸೆಟ್ ಒಂದೇ ಡಿವಿಡಿದಾಗ ಕೂಡ್ತದೇನೋ ತಮ್ಮಾ?" ಎಂದರೆ ಅಂಗಡಿಯ ಹುಡುಗ, "ಕೂಡ್ತದ್ರಿ ಕಾಕಾ, ಮಾರಿ ಕಾಣಂಗಿಲ್ಲ" ಎನ್ನುತ್ತಾನೆ. ಇದಕ್ಕಿಂತ ಮಿತವಾದ ಅಕ್ಷರದಲ್ಲಿ ವಿಜ್ಞಾನೇಶ್ವರನೂ ಹೇಳಲಾರ. ಡಿಸ್ಕಿನ ಹೊಟ್ಟೆ 4.7 ಜಿಬಿ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್ ತನಕ ಪರವಾನಗಿ. ಆ ಲೆಕ್ಕದಲ್ಲಿ ಒಂದು ತಾಸು ಕೂರುತ್ತದೆ. ಮೂರು ತಾಸು ತುರುಕಿದರೆ ಸೆಕೆಂಡಿಗೆ ದಕ್ಕುವುದು ಮೂರೂವರೆ ಮೆಗಾಬಿಟ್. ಭಾಷಣ, ಊಟ ಅದರಲ್ಲಿ ಹೇಗೋ ಸಾಗುತ್ತವೆ. ಅಕ್ಕಿಕಾಳು ಬೀಳುವ ಗಳಿಗೆ ಬಂತೆಂದರೆ, ಸಾವಿರ ಕಾಳು ಸಾವಿರ ದಿಕ್ಕಿಗೆ ಹಾರುವಾಗ ಲೆಕ್ಕ ಹರಿಯದೆ ಚಿತ್ರ ಎಂಟಕ್ಕೆಂಟು ಚುಕ್ಕೆಗಳ ಚೌಕಗಳಾಗಿ ಒಡೆಯುತ್ತದೆ. ಸರಿಯಾಗಿ ತಾಳಿ ಕಟ್ಟುವಾಗಲೇ ವರನಿಗೆ ಮುಖವಿಲ್ಲ. ಆದ್ದರಿಂದ ಇಲ್ಲಿ ವಿಭಾಗವೇ ಧರ್ಮ: ಒಂದು ಕ್ಯಾಸೆಟ್ಟಿಗೆ ಮೂರು ಡಿಸ್ಕು. ಮಕ್ಕಳೂ ಮೂವರೇ ಎಂದು ತಲೆಗೊಂದು ಹಂಚಿದರೆ ಒಬ್ಬನಿಗೆ ಅರಿಶಿಣ, ಒಬ್ಬನಿಗೆ ತಾಳಿ, ಕಿರಿಯವನಿಗೆ ಬರೀ ಊಟದ ಪಂಕ್ತಿ ಬಂದು ಹೊಸ ದಾವೆ ಹುಟ್ಟುತ್ತದೆ.

ಚಿತ್ರದ ನಿರ್ಣಯ ಮುಗಿಯಿತು. ಧ್ವನಿಯ ಬಗ್ಗೆ ಒಂದೇ ಮಾತು. ಟೇಪಿನ ಅಂಚಿನಲ್ಲಿ ಉದ್ದಕ್ಕೂ ಓಡುವ ಸಾದಾ ಧ್ವನಿಪಟ್ಟಿಯನ್ನು ಅಳಿಸಿ ಸಿನಿಮಾ ಹಾಡು ಹಾಕಬಹುದು. ಕ್ಯಾಮೆರಾ ಹೈಫೈ ಆಗಿದ್ದರೆ ಇನ್ನೊಂದು ಧ್ವನಿ ಚಿತ್ರದ ಅಡಿಯಲ್ಲೇ ಅಚ್ಚಾಗಿರುತ್ತದೆ. ಚಿತ್ರ ಅಳಿಸದೆ ಅದು ಅಳಿಯುವುದಿಲ್ಲ. ನಮ್ಮ ದೃಷ್ಟಾಂತದ ಕ್ಯಾಸೆಟ್ಟು ಅಪರೂಪಕ್ಕೆ ಮೂಲವೇ ಆಗಿತ್ತು, ಹಾಡೊಂದನ್ನು ಮೇಲಿನಿಂದ ಹಾಕಿದ್ದರು. ಹುಮನಾಬಾದಿನ ಹುಡುಗ ಡೆಕ್ಕಿನಲ್ಲಿ ಧ್ವನಿಯ ಗುಂಡಿಯನ್ನು ಹೈಫೈಗೆ ತಿರುಗಿಸಿದ. ಹಾಡು ನಿಂತಿತು. ವರನ ಕಡೆಯ ಹಿರಿಯರೊಬ್ಬರ ದನಿ ಸ್ಪಷ್ಟವಾಗಿ ಬಂತು: "ಐದು ತೊಲಿ ಅಂತ ಮಾತಾಗಿತ್ತು, ಮೂರೇ ಅದಾವ. ಕ್ಯಾಮೆರಾ ಬಂದಾಗ ಸೆರಗ ಸರಿಸಿ ತೋರಸ್ರಿ, ಯಾರಿಗಿ ಗೊತ್ತಾಗ್ತದ."

ಚಿತ್ರದಲ್ಲಿ ಗೊತ್ತಾಗುವುದಿಲ್ಲ, ನಿಜ. 240 ಗೆರೆಯಲ್ಲಿ ತೊಲಿ ಎಣಿಸಲು ಬಾರದು. ಬಸವಕಲ್ಯಾಣದ ಪಕ್ಷ ಕೂಡಲೇ ಹಾಡನ್ನೇ ಇಡಬೇಕೆಂದು, ಹಾಡಿಲ್ಲದಿದ್ದರೆ ಲಗ್ನಕ್ಕೆ ಕಳೆಯಿಲ್ಲವೆಂದು ವಾದಿಸಿತು. ಹುಮನಾಬಾದಿನ ಪಕ್ಷ ವಾದಕ್ಕಿಳಿಯದೆ, ಹಾಡಿಲ್ಲದ ಪ್ರತಿಯೊಂದನ್ನು ಬೇರೆ ಬರೆಸಿಕೊಂಡಿತು, ಪೂರ್ತಿ 9.8 ಮೆಗಾಬಿಟ್‌ನಲ್ಲಿ.