ನಾಲ್ಕನೇ ಬೋಲ್ಟಿಗೆ ಒಂದು ಬಹಿರಂಗ ಪತ್ರ

ಇವರಿಂದ:
ನಾಡದೋಣಿಯೊಂದರ ಮಾಲೀಕ (ಸದ್ಯ ದಡದಲ್ಲಿ),
ಗಂಗೊಳ್ಳಿ ಅಳಿವೆಯ ಆಸುಪಾಸು.

ಇವರಿಗೆ:
ಮಾನ್ಯ ನಾಲ್ಕನೇ ಬೋಲ್ಟ್ ಅವರು,
ಔಟ್‌ಬೋರ್ಡ್ ಮೋಟರಿನ ಕೆಳಭಾಗ, ಹಿಂಬದಿ, ಎಡಮಗ್ಗುಲು.

ವಿಷಯ: ತಾವು ತಮ್ಮ ಸ್ಥಾನ ಬಿಟ್ಟು ಕದಲದಿರುವ ಬಗ್ಗೆ.

ಉಲ್ಲೇಖ: 1) 12 ನಂಬರಿನ ಸ್ಪ್ಯಾನರ್ ಮುಖಾಂತರ ಸಲ್ಲಿಸಿದ ಮನವಿ. 2) ಸುತ್ತಿಗೆ ಮುಖಾಂತರ ಕಳಿಸಿದ ಜ್ಞಾಪನಪತ್ರ.

ಮಾನ್ಯರೆ,

ತಮ್ಮ ಜೊತೆಯಲ್ಲೇ ನೇಮಕವಾದ ಉಳಿದ ಮೂರು ಬೋಲ್ಟುಗಳು ಸೋಮವಾರವೇ ಸೇವೆಯಿಂದ ಬಿಡುಗಡೆ ಹೊಂದಿ, ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ ಸ್ನಾನ ಮಾಡುತ್ತ ಮಲಗಿವೆ. ತಾವೊಬ್ಬರು ಮಾತ್ರ ಇನ್ನೂ ಕರ್ತವ್ಯದಲ್ಲಿದ್ದೀರಿ. ಇವತ್ತು ಗುರುವಾರ. ಜೂನ್ ತಿಂಗಳ ಒಂದೊಂದು ದಿನವೂ ನಮಗೆ ಏನು ಎಂಬುದು ತಮಗೆ ತಿಳಿಯದ್ದೇನಲ್ಲ. ಆದರೂ ಕಡತದಲ್ಲಿ ಇರಲಿ ಎಂದು ಬರೆಯುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ದೊಡ್ಡ ಬೋಟುಗಳೆಲ್ಲ ಹಟ್ಟಿಯಲ್ಲಿ ಕಟ್ಟಿದ ಎಮ್ಮೆಗಳ ಹಾಗೆ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. 10 ಅಶ್ವಶಕ್ತಿಗಿಂತ ದೊಡ್ಡ ಮೋಟರಿನವರು ಕಡಲಿಗೆ ಇಳಿಯುವಂತಿಲ್ಲ. ನಮ್ಮದು 9.9. ಆ 0.1 ಕೊರತೆಯೇ ನಮ್ಮ ಭಾಗ್ಯ. ವರ್ಷವಿಡೀ ಟ್ರಾಲರುಗಳು ಬಳಿದು ಬಿಟ್ಟದ್ದನ್ನು ಹೆಕ್ಕುವ ನಾವು, ಈ ಎರಡು ತಿಂಗಳು ಮಾತ್ರ ಕಡಲಿನ ಯಜಮಾನರು. ಹೊಳೆಗಳ ಕೆಂಪು ನೀರು ಅಳಿವೆ ದಾಟಿ, ತೂಫಾನ್ ಒಂದು ಎದ್ದು ಅಡಗಿದರೆ ಸಾಕು, ಹೊರಗೆ ಚಟ್ಲಿ, ಅಂದರೆ ಸಿಗಡಿ, ಕಾದಿರುತ್ತದೆ. 61ರಲ್ಲಿ ಅರ್ಧ ದಿನ ಗಾಳಿ ನಮ್ಮನ್ನು ಬಿಡುವುದಿಲ್ಲ. ಗಾಳಿ ಬಿಟ್ಟ ಈ ನಾಲ್ಕು ದಿನ ತಾವು ಬಿಡುತ್ತಿಲ್ಲ.

ತಪ್ಪು ಎಲ್ಲಿ ಶುರುವಾಯಿತೆಂದು ಹೇಳುವುದು ನನ್ನ ಧರ್ಮ. ಓಡುವ ಮೋಟರಿನ ಹಿಂಬದಿಯಿಂದ ಸಣ್ಣ ಮಗು ಉಚ್ಚೆ ಹೊಯ್ದ ಹಾಗೆ ಒಂದು ಧಾರೆ ಚಿಮ್ಮುತ್ತಿರಬೇಕು. ತಂಪು ನೀರು ಮೇಲಕ್ಕೇರಿ ಎಂಜಿನ್ನಿನ ಮೈ ಆರಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ಮೋಟರಿನದ್ದು ಧಾರೆ ಹೋಗಿ ತೊಟ್ಟಾಯಿತು. ವಯಸ್ಸಾದವರಿಗೆ ಇದೆಲ್ಲ ಸಹಜ ಎಂದು ನಾನು ತೂತಿಗೊಂದು ತಂತಿ ತೂರಿಸಿ ಸುಮ್ಮನಾದೆ. ಆಮೇಲೆ ಒಂದು ದಿನ ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲ್ ಇಳಿಸಿದರೆ, ಹಾಲು ಹೆಚ್ಚಾದ ಚಹಾ ಬಂತು. ಗೇರಿನ ಗೂಡಿಗೆ ಕಡಲು ಹೊಕ್ಕಿತ್ತು. ನೀರು ನೂಕುವ ಫ್ಯಾನ್ ತೆಗೆದು ನೋಡಿದರೆ, ಬಲೆಯ ನೈಲಾನ್ ನೂಲು ದಂಡಕ್ಕೆ ಉಡಿದಾರದಂತೆ ಸುತ್ತಿಕೊಂಡು, ಒಳಗೆ ನುಸುಳಿ ಆಯಿಲ್ ಸೀಲನ್ನು ಕೊಯ್ದಿತ್ತು. ಒಂದು ಬುಟ್ಟಿ ಮೀನಿನ ಬೆಲೆಯೂ ಇಲ್ಲದ ರಬ್ಬರ್ ಬಳೆ ಅದು. ಸೀಲೂ ಹೊಸತಾಗಬೇಕು, ನೀರಿನ ಪಂಪನ್ನೂ ನೋಡಬೇಕು. ಪಂಪು ಇರುವುದು ಗೇರಿನ ಗೂಡಿನ ನೆತ್ತಿಯ ಮೇಲೆ. ಅಲ್ಲಿಗೆ ಕೈ ಹೋಗಬೇಕಾದರೆ ಕೆಳಭಾಗವನ್ನೇ ಇಳಿಸಬೇಕು. ಇಳಿಸಲು ತಮ್ಮ ಒಪ್ಪಿಗೆ ಬೇಕು.

ತಮ್ಮ ಸಿಟ್ಟಿಗೆ ಕಾರಣ ಇಲ್ಲವೆಂದು ನಾನು ವಾದಿಸುವುದಿಲ್ಲ. ಆಯುಧಪೂಜೆಯ ದಿನ ನಾವು ಸೇವಂತಿಗೆ ಹಾರ ಹಾಕುವುದು ಮೋಟರಿನ ಮೇಲಿನ ಮುಚ್ಚಳಕ್ಕೆ. ಕುಂಕುಮವೂ ಅಲ್ಲಿಗೇ. ಕೆಳಗೆ ನೀರಿನಲ್ಲಿ ಮುಳುಗಿ ದೋಣಿಯನ್ನು ನಿಜಕ್ಕೂ ನೂಕುವವರ ಮೇಲೆ ಕಾಯಿ ಒಡೆದ ನೀರಿನ ಒಂದು ಹನಿಯೂ ಸಿಡಿಯುವುದಿಲ್ಲ. ಊರಿನ ರೀತಿಯೂ ಇದೇ. ಹೊಸ ಮೋಟರಿಗೆ ಸಹಾಯಧನದ ಅರ್ಜಿ ಇದೆ, ಸೀಮೆಎಣ್ಣೆಗೆ ಪರ್ಮಿಟ್ ಇದೆ, ಹಸ್ತಾಂತರಕ್ಕೆ ವೇದಿಕೆ ಇದೆ, ಶಾಲು ಇದೆ, ಫೋಟೊ ಇದೆ. ಆಯಿಲ್ ಸೀಲ್ ಬದಲಾಯಿಸುವ ಸಮಾರಂಭಕ್ಕೆ ಯಾವ ಮುಖ್ಯ ಅತಿಥಿಯೂ ಈವರೆಗೆ ಬಂದದ್ದನ್ನು ನಾನು ಕಂಡಿಲ್ಲ.

ತಮ್ಮ ಮನೆತನವೇನು ಸಣ್ಣದೆ? ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ, ಮದುವೆಯಾಗಬೇಕಿದ್ದ ಬೆಸ್ ಆಸೆಪಟ್ಟಳೆಂದು, ಸೆಕೆಯ ದಿನ ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಐಸ್‌ಕ್ರೀಮ್ ತಂದನಂತೆ. ಮರಳಿ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಹೀಗೆ ಹುಟ್ಟು ಹಾಕಿ ಸೋತ ತೋಳಿನಿಂದ ಹುಟ್ಟಿತು, 1909ರಲ್ಲಿ, ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಔಟ್‌ಬೋರ್ಡ್ ಮೋಟರ್, ಒಂದೂವರೆ ಅಶ್ವಶಕ್ತಿಯದ್ದು. ಮೇಲಿನಿಂದ ನೆಟ್ಟಗೆ ಇಳಿಯುವ ದಂಡ, ಆ ತಿರುಗನ್ನು ನೀರಿನಡಿಯಲ್ಲಿ ಅಡ್ಡಕ್ಕೆ ಹೊರಳಿಸಿ ಫ್ಯಾನಿಗೆ ಕೊಡುವ ಹಲ್ಲುಗೇರುಗಳು: ಆ ಕಟ್ಟು ಇವತ್ತಿಗೂ ಹಾಗೇ ಇದೆ. ಎವಿನ್‌ರೂಡ್ ಹೆಸರಿನ ಮೋಟರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ತಯಾರಕರೇ ಕೈಬಿಟ್ಟರೂ ಬೋಲ್ಟುಗಳು ಹಿಡಿದದ್ದನ್ನು ಬಿಡುವುದಿಲ್ಲ ಎಂಬ ತಮ್ಮ ಕುಲದ ನಿಷ್ಠೆಗೆ ತಲೆಬಾಗುತ್ತೇನೆ. ಒಂದು ಮಾತು ಮಾತ್ರ: ಆತನದು ಒಂದು ಬಟ್ಟಲು ಐಸ್‌ಕ್ರೀಮ್. ಸೋಮವಾರ ನಾನು ಮೀನಿಗೆಂದು ತಂದ ಐಸು ಪೆಟ್ಟಿಗೆಯಲ್ಲಿ ನಾಲ್ಕು ದಿನದಿಂದ ಕರಗುತ್ತಿದೆ.

ತಮ್ಮ ಕೀರ್ತಿ ಈಗ ಕೇರಿ ದಾಟಿದೆ. ದಿನಕ್ಕೆ ಹತ್ತು ಜನ ದರ್ಶನಕ್ಕೆ ಬರುತ್ತಾರೆ. ಒಬ್ಬರು ಸೀಮೆಎಣ್ಣೆ ಬಿಡಲು ಹೇಳಿದರು, ಬಿಟ್ಟೆ. ಇನ್ನೊಬ್ಬರು ತೆಂಗಿನೆಣ್ಣೆಯೇ ಮೇಲು ಎಂದರು, ಅದನ್ನೂ ಬಿಟ್ಟೆ. ತಮ್ಮ ತಲೆ ಈಗ ಶಾಲೆಗೆ ಹೊರಟ ಹುಡುಗಿಯ ತಲೆಯಂತೆ ಮಿರುಗುತ್ತಿದೆ. ಮತ್ತೊಬ್ಬರು ಬಂದು, "ಹ್ವಾಯ್, ಎಡಕ್ಕೆ ತಿರ್ಗ್ಸಿ ಕಾಂಬ" ಎಂದರು. ನಾಲ್ಕು ದಿನದಿಂದ ನಾನು ತಿರುಗಿಸುತ್ತಿರುವುದು ಯಾವ ಕಡೆಗೆಂದು ಅವರು ಭಾವಿಸಿದ್ದರೋ! ಬೆಂಗಳೂರಿನಿಂದ ಅಳಿಯ ವಿಡಿಯೊ ಕರೆಯಲ್ಲಿ ತಮ್ಮನ್ನು ನೋಡಿ, "ಮಾವ, ಹಳೇದು ಸಾಕು, ಪೂರಾ ಹೊಸ್ತೇ ಹಾಕ್ಸಿ" ಎಂದು ತೀರ್ಪು ಕೊಟ್ಟು ಮೀಟಿಂಗಿಗೆ ಹೋದ.

ಆ ದಾರಿಯನ್ನೂ ನೋಡಿ ಬಂದೆ. ಹೊಸ ಕೆಳಭಾಗ ಒಂದಕ್ಕೆ ಎಷ್ಟೆಂದು ಕೇಳಿದರೆ ಅಂಗಡಿಯವರು ಬಾಯಿ ಬಿಡಲಿಲ್ಲ, ಕ್ಯಾಲ್ಕುಲೇಟರನ್ನು ನನ್ನ ಕಡೆಗೆ ತಿರುಗಿಸಿದರು. ಗುಜರಿಗೆ ಹೋದ ಮೋಟರಿನದ್ದೊಂದು ಸಿಕ್ಕಿತು. ನೋಡಲು ಅಣ್ಣತಮ್ಮಂದಿರ ಹಾಗೆ. ಜಾತಕ ಮಾತ್ರ ಕೂಡಲಿಲ್ಲ. ಈ ಮೋಟರುಗಳಲ್ಲಿ 15 ಇಂಚಿನ ಗಿಡ್ಡ ಕಾಲಿನವು, 20 ಇಂಚಿನ ಉದ್ದ ಕಾಲಿನವು ಎಂದು ಬೇರೆ ಬೇರೆ ಇವೆ. ನಮ್ಮದು ಉದ್ದ, ಸಿಕ್ಕಿದ್ದು ಗಿಡ್ಡ. ದಂಡ 5 ಇಂಚು ಮೊದಲೇ ಮುಗಿದರೆ ಎಂಜಿನ್ ಮೇಲೆ ಕೂಗುತ್ತದೆ, ಫ್ಯಾನ್ ಕೆಳಗೆ ನಿದ್ದೆ ಮಾಡುತ್ತದೆ. ಉದ್ದ ಕೂಡಿದರೂ ಗೇರಿನ ಹಲ್ಲಿನ ಲೆಕ್ಕ ಕೂಡಬೇಕು. ಇಲ್ಲದಿದ್ದರೆ ಎಂಜಿನ್ ಏದುಸಿರು ಬಿಡುತ್ತದೆ, ಇಲ್ಲವೇ ಸುಮ್ಮನೆ ಹಾರಾಡುತ್ತದೆ.

ಕೊನೆಗೆ ಮೇಸ್ತ್ರಿಯನ್ನು ಕರೆತಂದೆ. ಅವರು ತಮ್ಮನ್ನು ಮುಟ್ಟಲೂ ಇಲ್ಲ. ಮೊದಲು ಚಹಾದಂಥ ಆಯಿಲಿಗೆ ಬೆರಳು ಅದ್ದಿ ಉಜ್ಜಿದರು. ಲೋಹದ ಚೂರು ಸಿಗಲಿಲ್ಲ. ಗೇರಿನ ಹಲ್ಲು ಉಳಿದಿದೆ, ಸೀಲು, ಪಂಪಿನ ರಬ್ಬರು, ವಾಷರು ಹಾಕಿದರೆ ಸಾಕು ಎಂದರು. ಆಮೇಲೆ ತಮ್ಮ ಬುಡದ ಸುತ್ತ ಉಗುರಿನಿಂದ ಕೆರೆದರು. ಸುಣ್ಣದಂಥ ಬಿಳಿ ಪುಡಿ ಉದುರಿತು. ನನ್ನ ಮುಖ ನೋಡಿ ಕೇಳಿದರು: "ಒಂದಿನ ಆರೂ ಸೀ ನೀರಂಗೆ ತೊಳ್ದಿದ್ರ್ಯಾ?"

ತಮಗೆ ತುಕ್ಕು ಹಿಡಿದಿದೆ ಎಂದು ನಾನು ಊರೆಲ್ಲ ದೂರಿಕೊಂಡು ಬಂದಿದ್ದೆ. ತುಕ್ಕು ತಮಗೆ ಹಿಡಿದಿರಲಿಲ್ಲ ಸ್ವಾಮಿ. ತಾವು ಸ್ಟೀಲು, ತಮ್ಮ ಮನೆ ಅಲ್ಯೂಮಿನಿಯಂ, ನಡುವೆ ಆರದ ಉಪ್ಪುನೀರು: ಶಾಲೆಯಲ್ಲಿ ಮೇಷ್ಟ್ರು ತೋರಿಸುತ್ತಿದ್ದ ಬ್ಯಾಟರಿಯನ್ನೇ ನಾನು ಮೋಟರಿನ ಹೊಟ್ಟೆಯಲ್ಲಿ ಕಟ್ಟಿದ್ದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದ ಪುಡಿ ಉಬ್ಬಿ ತಮ್ಮ ಒಂದೊಂದು ಸುತ್ತಿನ ಸಂದಿನಲ್ಲೂ ಗಾರೆ ಹಾಕಿದಂತೆ ಕೂತಿತ್ತು. ತೊಳೆಯದೆ ಬಿಟ್ಟ ಪ್ರತಿ ಸಂಜೆಯ ಜಮಾಖರ್ಚನ್ನು ತಾವು ತಪ್ಪದೆ ಬರೆದಿಟ್ಟಿದ್ದೀರಿ. ನಮ್ಮ ಸಂಘದ ಲೆಕ್ಕಪತ್ರವೂ ಇಷ್ಟು ಚೊಕ್ಕ ಇಲ್ಲ.

ಲೆಕ್ಕ ಪರಿಶೋಧನೆ ಆದ ಮೇಲೆ ತಪ್ಪೊಪ್ಪಿಗೆ ಬಾಕಿ ಇಡಬಾರದು. ಫ್ಯಾನಿನ ಮೇಲುಗಡೆ ಸತುವಿನದೊಂದು ತುಂಡು ಇರುತ್ತದೆ. ಉಪ್ಪುನೀರು ತಿನ್ನುವುದಾದರೆ ಮೊದಲು ತನ್ನನ್ನು ತಿನ್ನಲಿ, ಅಲ್ಯೂಮಿನಿಯಂ ಉಳಿಯಲಿ ಎಂದು ಬಲಿಗೆ ಕೂತ ಪ್ರಾಣಿ ಅದು. ಹಬ್ಬಕ್ಕೆ ಮೋಟರ್ ಚೆಂದ ಕಾಣಲಿ ಎಂದು ನಾನು ಅದಕ್ಕೂ ಎರಡು ಕೈ ಬಣ್ಣ ಬಳಿದೆ. ಬಣ್ಣದ ಅಂಗಿ ತೊಟ್ಟ ಮೇಲೆ ಅದು ಬಲಿಯಾಗುವುದನ್ನು ಬಿಟ್ಟು ಅತಿಥಿಯಾಗಿ ಕೂತಿತು. ಇನ್ನು ಗೇರ್ ಆಯಿಲ್. ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಬೇಕು. ಆಗಲೇ ಒಳಗಿನ ಗಾಳಿ ಹೊರಬೀಳುವುದು. ಯೋಜನೆಗಳು ಮೇಲಿನಿಂದ ಕೆಳಕ್ಕೆ ಇಳಿಯುವುದನ್ನೇ ಜೀವಮಾನವಿಡೀ ನೋಡಿದ ನಾನು ಆಯಿಲನ್ನೂ ಮೇಲಿನಿಂದಲೇ ಸುರಿದೆ. ಯೋಜನೆಗಳ ಹಾಗೇ ಅರ್ಧ ಗಾಳಿಯೇ ತುಂಬಿತ್ತು.

ಆದ್ದರಿಂದ ತಾವು ದಯಮಾಡಿ, ಈವರೆಗಿನ ನನ್ನ ಎಲ್ಲ ಸಂಜೆಗಳನ್ನು ಮನ್ನಿಸಿ, ಒಂದೇ ಒಂದು ಸುತ್ತು ಎಡಕ್ಕೆ ತಿರುಗಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಡಲಿಗೆ ಬೆನ್ನು ಹಾಕಿ ಕೂತವನು

ತಾ.ಕ.: ಪತ್ರ ಮಡಚುವಷ್ಟರಲ್ಲಿ ಶುಕ್ರವಾರವಾಯಿತು, ಮೇಸ್ತ್ರಿ ಗ್ಯಾಸ್ ಬತ್ತಿ ಹಿಡಿದು ಬಂದರು. ಬಿಸಿ ಕೊಟ್ಟು, ತಟ್ಟಿ, ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು. ತಾವು ಅರ್ಧ ಸುತ್ತು ಬಂದಿರಿ. ನಾನು ಕೈ ಮುಗಿಯುವುದಕ್ಕೂ ಟಕ್ ಎನ್ನುವುದಕ್ಕೂ ಸರಿಹೋಯಿತು. ತಮ್ಮ ತಲೆ ನನ್ನ ಅಂಗೈಯಲ್ಲಿತ್ತು, ಮುಂಡ ಒಳಗೇ ಉಳಿಯಿತು. ತಡೆದು ಹಿಡಿಯಲು ತಲೆ ಇಲ್ಲದ್ದರಿಂದ ಕೆಳಭಾಗ ತಾನೇ ಜಾರಿ ಕೆಳಗಿಳಿಯಿತು. ಹೊರಗೆ ಚಾಚಿಕೊಂಡಿದ್ದ ತಮ್ಮ ಮುಂಡವನ್ನು ಮತ್ತೆ ಕಾಯಿಸಿ, ಪೈಪ್ ರೆಂಚಿನಲ್ಲಿ ಕಚ್ಚಿ ಹಿಡಿದು ಹೊರಗೆ ತಂದದ್ದು ಮಧ್ಯಾಹ್ನದ ಗಂಜಿಯ ನಂತರ.

ಪಂಪಿನ ರಬ್ಬರಿನ ಆರು ರೆಕ್ಕೆಗಳಲ್ಲಿ ನಾಲ್ಕು ಒಂದೇ ಕಡೆಗೆ ಬಾಗಿ, ಹೂಂಗುಟ್ಟಿ ಹೂಂಗುಟ್ಟಿ ನೇರ ನಿಲ್ಲುವುದನ್ನೇ ಮರೆತಿದ್ದವು. ಕಳೆದುಹೋದ ಎರಡನ್ನು ನೀರಿನ ಕೊಳವೆಯಿಂದ ಹುಡುಕಿ ತೆಗೆಯುವವರೆಗೆ ಮೇಸ್ತ್ರಿ ಮೇಲೇಳಲಿಲ್ಲ; ಅವು ಒಳಗೆ ಉಳಿದರೆ ಹೊಸ ಪಂಪಿಗೂ ಅದೇ ಗತಿ. ಸೀಲು ಕೂತಿತು. ಆಯಿಲ್ ಕೆಳಗಿನಿಂದ ಏರಿತು. ಸತುವಿನ ಬಣ್ಣವನ್ನು ನಾನೇ ಕೆರೆದೆ. ತಮ್ಮ ಜಾಗಕ್ಕೆ ಬಂದ ಹೊಸಬರಿಗೆ ಮೈತುಂಬ ಗ್ರೀಸು ಹಚ್ಚಿ ಕೂರಿಸಿದೆವು. ಡ್ರಮ್ಮಿನ ನೀರಿನಲ್ಲಿ ಮೋಟರ್ ಎದ್ದಾಗ ಧಾರೆ ಚಿಮ್ಮಿ ಮೇಸ್ತ್ರಿಯ ಲುಂಗಿ ನೆನೆಯಿತು. ಅವರು ಬೈಯಲಿಲ್ಲ.

ಪ್ರತಿಗಳು:
1. ತೆಂಗಿನ ಚಿಪ್ಪಿನಲ್ಲಿರುವ ಮೂವರಿಗೆ: ಪುನರ್ನೇಮಕಕ್ಕೆ ಗ್ರೀಸಿನೊಂದಿಗೆ ಸಿದ್ಧರಿರಲು.
2. ಬೆಂಗಳೂರಿನ ಅಳಿಯನಿಗೆ: ಮಾಹಿತಿಗಾಗಿ.
3. ಅಂಗಳದ ಬಾವಿಕಟ್ಟೆಯ ಮೇಲಿನ ಕೊಡಪಾನಕ್ಕೆ: ಮಾಹಿತಿಗಾಗಿ ಹಾಗೂ ಪ್ರತಿ ಸಂಜೆ ಅಗತ್ಯ ಕ್ರಮಕ್ಕಾಗಿ.