ಅವರೆಕಾಯಿಯೂ ಬಿಡಿಸೋದೇ, ನವಿಲೂ ಬಿಡಿಸೋದೇ

ಸಂಕ್ರಾಂತಿ ಹತ್ತಿರ ಬಂತು ಅಂದ್ರೆ ನಮ್ಮ ಪಾಲಹಳ್ಳಿಯಲ್ಲಿ ಸಾಯಂಕಾಲದ ಹೊತ್ತು ಖಾಲಿ ಕೈ ಅನ್ನೋದೇ ಕಾಣಿಸೋದಿಲ್ಲ. ಯಾರ ಜಗಲಿ ನೋಡಿದರೂ ಒಂದು ಮೊರ, ಮೊರದ ತುಂಬ ಸೊಗಡವರೆ. ಮೊನ್ನೆ ಬೇಲಿಯಾಚೆ ದೊಡ್ಡವ್ವನೂ ಹಾಗೇ ಕಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮೈಸೂರಿಂದ ಬಂದಿದ್ದ ಮೊಮ್ಮಗಳು ಬೋರಲು ಮಲಗಿ, ಡ್ರಾಯಿಂಗ್ ಪುಸ್ತಕ ಹರಡಿಕೊಂಡು ನವಿಲಿನ ಹಿಂದೆ ಬಿದ್ದಿದ್ದಳು. ಅಷ್ಟರಲ್ಲಿ ಮಗ ಫೋನ್ ಮಾಡಿದ. ಏನ್ ಮಾಡ್ತಿದ್ದೀರವ್ವಾ ಅಂತ ಕೇಳಿರಬೇಕು.

"ಇನ್ನೇನ್ಲಾ, ನಾನೂ ಬುಡಿಸ್ತಾ ಇವ್ನಿ, ನಿನ್ ಮಗ್ಳೂ ಬುಡಿಸ್ತಾ ಅವ್ಳೆ."

ಆ ಕಡೆಯಿಂದ ಅವನು ರೇಗಿಕೊಂಡಿದ್ದು ಬೇಲಿ ಈಚೆ ನನಗೂ ಕೇಳಿಸ್ತು. ರಜಕ್ಕೆ ಅಂತ ಕಳಿಸಿದರೆ ಮಗು ಕೈಲಿ ಅವರೆಕಾಯಿ ಬಿಡಿಸ್ತೀಯಲ್ಲವ್ವಾ, ಉಗುರೆಲ್ಲ ಕಪ್ಪಾಗುತ್ತೆ ಅಂತ! ದೊಡ್ಡವ್ವ ಫೋನು ಮಡಗಿ ನನ್ನ ಮುಖ ನೋಡಿದಳು. "ನಾ ಏನ್ ತಪ್ ಹೇಳ್ದೆ? ಅವ್ಳು ಬುಡಿಸ್ತಾನೇ ಅವ್ಳಲ್ವಾ?"

ತಪ್ಪೇನಿಲ್ಲ ಬಿಡಿ. ತಪ್ಪಿದ್ದರೆ ಕನ್ನಡದ್ದು.

ಅವತ್ತಿಂದ ನನಗೆ ಈ 'ಬಿಡಿಸು' ತಲೆಗೆ ಅಂಟಿಕೊಂಡಿದೆ, ಅವರೆ ಸೊಗಡು ಬೆರಳಿಗೆ ಅಂಟಿದ ಹಾಗೆ. ಚಿತ್ರ 'ಬರಿ' ಅನ್ನೋದೂ ಉಂಟು, ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂತಾರಲ್ಲ, ಹಾಗೆ. ಆದರೆ ಮಕ್ಕಳ ಬಾಯಲ್ಲಿ ಕೇಳಿ: ಆನೆ ಬಿಡಿಸಿಕೊಡು, ಮನೆ ಬಿಡಿಸಿಕೊಡು. ಬರೆಯೋದು ಮೇಷ್ಟರ ಹೃದಯ, ಬಿಡಿಸೋದು ನಮ್ಮ ಆನೆ. ಈ ಆನೆಯನ್ನ ಯಾರು ಕಟ್ಟಿಹಾಕಿದ್ದರು ಅಂತ ನಾವು ಬಿಡಿಸಬೇಕು? ಯೋಚನೆ ಮಾಡಿದ್ದೀರಾ?

ಇಂಗ್ಲಿಷಿನವರು ಚಿತ್ರವನ್ನ 'ಡ್ರಾ' ಮಾಡ್ತಾರೆ. ಡ್ರಾ ಅಂದ್ರೆ ಎಳೆಯೋದು. ಬಾವಿಯಿಂದ ನೀರು ಸೇದೋದಕ್ಕೂ ಅದೇ ಪದ, ಬ್ಯಾಂಕಿಂದ ದುಡ್ಡು ತೆಗೆಯೋದಕ್ಕೂ ಅದೇ. ನಮ್ಮಲ್ಲೂ ಗೆರೆ ಎಳೀತೀವಿ, ಇಲ್ಲ ಅನ್ನೋದಿಲ್ಲ. ಆದರೆ ಗೆರೆ ಎಳೆದು ಎಳೆದು ಕೊನೆಗೆ ಚಿತ್ರ ಬಿಡಿಸ್ತೀವಿ. ಎಳೆಯೋದು ಗೆರೆ, ಬಿಟ್ಟುಕೊಳ್ಳೋದು ಚಿತ್ರ. ಇನ್ನು 'ಡಿಸೈನ್' ಅನ್ನೋ ಪದ ನಮ್ಮ ಮಂಡ್ಯ ಸೀಮೆಗೆ ಬಂದು ಏನಾಯ್ತು ಅಂತ ನಿಮಗೇ ಗೊತ್ತು. ಸೀರೆ ಅಂಚಿನ ಡಿಸೈನ್ ಒಂದು ಕಡೆ ಇರಲಿ, ಯಾರಾದರೂ ಸ್ವಲ್ಪ ವಕ್ರವಾಗಿ ಮಾತಾಡಿದರೆ ಸಾಕು, "ಏನ್ಲಾ, ಒಳ್ಳೆ ಡಿಸೈನ್ ಡಿಸೈನಾಗಿ ಆಡ್ತೀಯ" ಅಂತಾರೆ. ಕಾಲೇಜಿನಲ್ಲಿ ಕೂತು ಡಿಸೈನ್ ಕಲಿತು ಬಂದವರಿಗೆ ಇದು ಕೇಳಿಸದೇ ಇದ್ದರೆ ಒಳ್ಳೇದು.

ಅವರೆಕಾಯಿ ಒಂದೇ ಆಗಿದ್ದರೆ ನಾನೂ ಸುಮ್ಮನಾಗಿರುತ್ತಿದ್ದೆ. ಅಡುಗೆಮನೆಗೆ ಹೋದರೆ ಬೆಳ್ಳುಳ್ಳಿ ಬಿಡಿಸು, ಸೊಪ್ಪು ಬಿಡಿಸು. ಹಿತ್ತಲಿಗೆ ಬಂದರೆ ಕನಕಾಂಬರ ಬಿಡಿಸು. ಪಡಸಾಲೆಯಲ್ಲಿ ಕೂದಲ ಸಿಕ್ಕು ಬಿಡಿಸು. ರೇಷ್ಮೆ ಮನೆಯವರನ್ನ ಕೇಳಿ, ಹುಳ ಗೂಡು ಕಟ್ಟೋ ಚಂದ್ರಿಕೆಯಿಂದ ಗೂಡು ಬಿಡಿಸೋ ದಿನ ಅವರ ಮನೆಗೆ ನೆಂಟರು ಬಂದರೂ ಕೈಗೊಂದು ಚಂದ್ರಿಕೆ ಕೊಟ್ಟು ಕೂರಿಸ್ತಾರೆ. ಆ ಬಿಡಿಸೋದರಲ್ಲೂ ಒಂದು ನಾಜೂಕಿದೆ. ಗೂಡನ್ನ ಹಿಸುಕಬಾರದು, ಜಗ್ಗಬಾರದು, ಎರಡು ಬೆರಳಲ್ಲಿ ಹಿಡಿದು ಬಿದಿರಿನ ದಬ್ಬೆಯಿಂದ ಮೆಲ್ಲಗೆ ಬಿಡಿಸಬೇಕು. ದೊಡ್ಡವ್ವನ ಮೊಮ್ಮಗಳು ಕ್ರೇಯಾನ್ ಹಿಡಿದಿದ್ದೂ ಹೆಚ್ಚುಕಮ್ಮಿ ಹಾಗೇ.

ಶಾಲೆಗೆ ಹೋದರೂ ಈ ಪದ ಬೆನ್ನು ಬಿಡೋದಿಲ್ಲ. ಮೊದಲನೇ ಪೀರಿಯಡ್ಡು ಲೆಕ್ಕ ಬಿಡಿಸಿ. ಎರಡನೇದು ಪದಗಳನ್ನು ಬಿಡಿಸಿ ಬರೆಯಿರಿ. ಮೂರನೇದು ಚಿತ್ರ ಬಿಡಿಸಿ. ಮಧ್ಯೆ ಇಂಟರ್‌ವೆಲ್ಲಿನಲ್ಲಿ ಜಗಳ ಬಿಡಿಸೋದು ಬೇರೆ. ನಾನು ಎರಡನೇದರಲ್ಲಿ ಸ್ವಲ್ಪ ಪರವಾಗಿಲ್ಲ ಅನ್ನೋ ಹುಡುಗ. ಒಮ್ಮೆ ಮೇಷ್ಟರು ಖುಷಿ ಬಂದು, ನಿಮ್ಮೂರ ಹೆಸರನ್ನೇ ಬಿಡಿಸಿ ಬರೀರೋ ಅಂದರು. ಹಿಂದಿನ ಬೆಂಚಿನವನು ಸೀದಾ 'ಪಾ + ಲಹಳ್ಳಿ' ಅಂತ ಕತ್ತರಿಸಿಬಿಟ್ಟ. ನಾನು 'ಪಾಲು + ಹಳ್ಳಿ' ಅಂತ ಬರೆದೆ. ನಮ್ಮ ಮನೆಯಲ್ಲಿ ಆಗ ಅಪ್ಪನಿಗೂ ಚಿಕ್ಕಪ್ಪನಿಗೂ ಗದ್ದೆ ಪಾಲಿನ ಮಾತು ನಡೀತಾ ಇತ್ತು, ಊರಿನ ಹೆಸರು ಅದರಿಂದಲೇ ಬಂದಿರಬೇಕು ಅಂದುಕೊಂಡಿದ್ದೆ. ಅದಲ್ಲ ಕಣೋ, ತಮಿಳಲ್ಲಿ ಪಾಲ್ ಅಂದ್ರೆ ಹಾಲು ಅಂತ ಇನ್ನೊಬ್ಬ ಎದ್ದ. ಮೇಷ್ಟರು ಮೂವರಿಗೂ ಅರ್ಧರ್ಧ ಮಾರ್ಕು ಕೊಟ್ಟು ಕೂರಿಸಿದರು.

ಹಾಲೋ ಪಾಲೋ, ಸಕ್ಕರೆ ಮಾತ್ರ ನಿಜ. 1847ರಲ್ಲೇ ನಮ್ಮೂರಲ್ಲಿ ಅಷ್ಟಗ್ರಾಮ ಷುಗರ್ ವರ್ಕ್ಸ್ ಇತ್ತು, ಮಂಡ್ಯದ ಕಾರ್ಖಾನೆ ಹುಟ್ಟೋದಕ್ಕೆ ಎಷ್ಟೋ ಮುಂಚೆ. ರೈತರ ಹತ್ತಿರ ಬೆಲ್ಲ ಕೊಂಡು, ಅದರ ಕೊಳೆ ಬಿಡಿಸಿ, ಬಣ್ಣ ಬಿಡಿಸಿ ಸಕ್ಕರೆ ಮಾಡೋದು ಅವರ ಕಸುಬು. ಇಲ್ಲೊಂದು ತಮಾಷೆ ನೋಡಿ. ಬಣ್ಣ ಬಿಡಿಸು ಅಂದ್ರೆ ಬಣ್ಣ ತೆಗೆ. ಬಣ್ಣದಲ್ಲಿ ಬಿಡಿಸು ಅಂದ್ರೆ ಬಣ್ಣ ಹಾಕು. ಒಂದು 'ದಲ್ಲಿ' ಬಿಟ್ಟುಹೋದರೆ ಕೆಲಸ ಪೂರ್ತಿ ಉಲ್ಟಾ. ಗೋಡೆ ಮೇಲಿನ ಚಿತ್ರ ಬಿಡಿಸಯ್ಯಾ ಅಂತ ಪೇಂಟರ್‌ಗೆ ಹೇಳಿ ಪೇಟೆಗೆ ಹೋದರೆ, ವಾಪಸ್ ಬರೋ ಹೊತ್ತಿಗೆ ಗೋಡೆ ಮೇಲೆ ಚಿತ್ರ ಇರುತ್ತೋ ಇರಲ್ಲವೋ, ದೇವರೇ ಬಲ್ಲ!

ನಮ್ಮ ಪಕ್ಕದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಗೋಡೆಗೆ ಆದದ್ದೇ ಅದು. ನೀವು ನೋಡಿದ್ದೀರಿ, ನಾನೇನು ಹೊಸದಾಗಿ ಹೇಳಬೇಕಾಗಿಲ್ಲ. ಮನೆಗೆ ಯಾರೇ ನೆಂಟರು ಬರಲಿ, ರಂಗನತಿಟ್ಟು ಒಂದು, ರಂಗನಾಥಸ್ವಾಮಿ ಒಂದು, ದರಿಯಾ ದೌಲತ್ ಒಂದು, ಸುತ್ತಿಸಿದ್ದೇ ಸುತ್ತಿಸಿದ್ದು. ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧ ಇದೆಯಲ್ಲ, 1780ರಲ್ಲಿ ಹೈದರ್, ಟಿಪ್ಪು ಸೇರಿಕೊಂಡು ಕರ್ನಲ್ ಬೈಲಿಯನ್ನ ಹಿಡಿದದ್ದು. ಕೆಂಪು ಕೋಟಿನವರೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಚೌಕಟ್ಟಾಗಿ ನಿಂತಿದ್ದಾರೆ, ನಡುವೆ ಮದ್ದಿನ ಗಾಡಿ ಸಿಡೀತಾ ಇದೆ, ಬೈಲಿ ಪಾಪ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ನಾನು ಚಿಕ್ಕವನಿದ್ದಾಗ ನೋಡುತ್ತಿದ್ದದ್ದು ಕುದುರೆಗಳನ್ನ ಮಾತ್ರ. ಎಷ್ಟು ಕಾಲು ಅಂತ ಎಣಿಸೋಕೆ ಹೋಗಿ ಪ್ರತಿ ಸಲವೂ ಲೆಕ್ಕ ತಪ್ಪೋದು.

ಆ ಅರಮನೆ ಕಟ್ಟಿಸಿದ್ದು 1784ರಲ್ಲಿ. ಅದೇ ವರ್ಷ ಮಂಗಳೂರು ಒಪ್ಪಂದ ಆಗಿ, ಪಟ್ಟಣದ ಸೆರೆಯಲ್ಲಿದ್ದ ಇಂಗ್ಲಿಷರನ್ನ ಬಿಡಿಸಿದರು. ಬೈಲಿಯನ್ನಲ್ಲ, ಅವನು 1782ರಲ್ಲೇ ಸೆರೆಯಲ್ಲಿ ಸತ್ತುಹೋಗಿದ್ದ. ಅವನನ್ನ ಗೋಡೆ ಮೇಲೆ ಬಿಡಿಸಿದರು, ಜೈಲಿಂದ ಬಿಡಿಸಲಿಲ್ಲ, ಅಷ್ಟೇ ವ್ಯತ್ಯಾಸ. ಆಗ ಬಿಡುಗಡೆಯಾದವರಲ್ಲಿ ಡೇವಿಡ್ ಬೇರ್ಡ್ ಅನ್ನೋನೂ ಒಬ್ಬ. ಅವನೇ 1799ರಲ್ಲಿ ತಿರುಗಿ ಬಂದು ಕೋಟೆಗೆ ನುಗ್ಗಿದ ದಂಡಿನ ಮುಂದಾಳು. ಹಾವನ್ನ ಬಲೆಯಿಂದ ಬಿಡಿಸಿದ ಹಾಗಾಯ್ತು ಅಂತ ನಮ್ಮಜ್ಜ ಅನ್ನೋನು.

ನಡುವೆ ಇನ್ನೊಂದು ಬಿಡಿಸಾಟ ಇದೆ, ಅದು ನನಗೆ ಸ್ವಲ್ಪ ಹೊಟ್ಟೆ ಚುರ್ ಅನ್ನಿಸೋದು. 1792ರ ಒಪ್ಪಂದದಲ್ಲಿ ದಂಡದ ದುಡ್ಡು ಪೂರ್ತಿ ಕಟ್ಟೋವರೆಗೂ ಅಂತ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನ ಕಾರ್ನ್‌ವಾಲಿಸನ ಕೈಗೆ ಒತ್ತೆ ಇಟ್ಟನಲ್ಲ, ಅವರನ್ನ ಬಿಡಿಸಿಕೊಂಡದ್ದು 1794ರಲ್ಲಿ. ಆ ಹುಡುಗರನ್ನ ಒಪ್ಪಿಸೋ ದೃಶ್ಯವನ್ನ ಇಂಗ್ಲಿಷ್ ಚಿತ್ರಗಾರರು ಬಿಡಿಸಿದ್ದೇ ಬಿಡಿಸಿದ್ದು. ರಾಬರ್ಟ್ ಹೋಮ್ ಅಂತೂ ದಂಡಿನ ಜೊತೆಗೇ ಬಂದಿದ್ದವನು. ಬಿಡಿಸಿಕೊಂಡು ಬಂದ ದಿನವನ್ನ ಅಷ್ಟು ಉಮೇದಿನಿಂದ ಯಾರೂ ಬಿಡಿಸಿದ ಹಾಗೆ ಕಾಣೆ. ಒತ್ತೆ ಇಡೋದು ನೋಡೋಕೆ ಜನ ಸೇರ್ತಾರೆ, ಬಿಡಿಸಿಕೊಳ್ಳೋದು ಸದ್ದಿಲ್ಲದೆ ಆಗುತ್ತೆ, ಅಲ್ವಾ?

ಒಡವೆದೂ ಹಾಗೇ ತಾನೇ. ನಮ್ಮವ್ವನ ಎರಡೆಳೆ ಸರ ವರ್ಷಕ್ಕೊಂದು ಸಲ ಗೊಬ್ಬರದ ಕಾಲಕ್ಕೆ ಊರು ಬಿಟ್ಟು ಹೋಗೋದು, ಕಬ್ಬಿನ ದುಡ್ಡು ಬಂದಾಗ ಬಿಡಿಸಿಕೊಂಡು ಬರೋದು. ಒಂದು ವರ್ಷ ದುಡ್ಡು ಬರಲೇ ಇಲ್ಲ. ಮದುವೆಮನೆಗೆ ಹೊರಟು ನಿಂತ ಅವ್ವ ಕತ್ತು ಮುಟ್ಟಿಕೊಂಡು, ಸರ ನೆಂಟರ ಮನೆಗೆ ಹೋಗಿದೆ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಎಲ್ಲಿಗೋ ಹೋಗಿಬಿಟ್ಟೆ ನೋಡಿ. ಗೋಡೆ ಮಾತಿಗೆ ಬರೋಣ.

ಆ ಪೊಳ್ಳಿಲೂರು ಚಿತ್ರ 1799ರ ಮುತ್ತಿಗೆಗೂ ಮುಂಚೆಯೇ ಕೆಟ್ಟುಹೋಗಿತ್ತಂತೆ. ಟಿಪ್ಪು ಸತ್ತ ಮೇಲೆ ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿದ ವೆಲ್ಲೆಸ್ಲಿ ಸರಿಮಾಡಿಸಿದ. ತಮ್ಮವರು ಸೋತ ಚಿತ್ರವನ್ನ ತಾನೇ ಸರಿಮಾಡಿಸಿದ ಅಂದ್ರೆ ಏನು ಗುಂಡಿಗೆಯೋ, ಏನು ಬೇಜಾರೋ. ಆಮೇಲೆ ಬಂದ ಯಾವನೋ ಪುಣ್ಯಾತ್ಮ ಸುಣ್ಣ ಬಳಿದ. ಮತ್ತೆ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ, ಹಳೇ ಚಿತ್ರ ನೆನಪಿನಲ್ಲಿಟ್ಟುಕೊಂಡಿದ್ದ ನಮ್ಮ ಕಡೆಯ ಚಿತ್ರಗಾರನೊಬ್ಬನ ಕೈಲಿ ತಿರುಗಿ ಬಿಡಿಸಿದ್ದು. ಸುಣ್ಣದ ಕೆಳಗೆ ಸಿಕ್ಕಿಕೊಂಡಿದ್ದ ಅಷ್ಟು ಆನೆ, ಅಷ್ಟು ಕುದುರೆ! ಆ ಮನುಷ್ಯ ಚಿತ್ರ ಬಿಡಿಸಿದನೋ, ಸೆರೆ ಬಿಡಿಸಿದನೋ? ನನಗೇನೋ ಎರಡೂ ಒಂದೇ ಅನ್ನಿಸುತ್ತೆ.

ಇಂಥ ಅನುಮಾನ ಬಂದಾಗ ಕೇಳೋಕೆ ನಮ್ಮವರೇ ಒಬ್ಬರಿದ್ದರು. ದರಿಯಾ ದೌಲತ್ತಿನಿಂದ ಕೂಗಳತೆಯಲ್ಲಿರೋ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ಜಿ. ವೆಂಕಟಸುಬ್ಬಯ್ಯನವರು. ಹೆಸರಿನ ಮುಂದಿನ ಆ 'ಜಿ' ನಮ್ಮ ಗಂಜಾಂ. 'ಇಗೋ ಕನ್ನಡ' ಅಂಕಣದಲ್ಲಿ ಜನ ಏನು ಕೇಳಿದರೂ ಪದ ಬಿಡಿಸಿ ಕೈಗೆ ಇಡ್ತಿದ್ದರು. 2021ರಲ್ಲಿ, ನೂರೇಳು ದಾಟಿದ ಮೇಲೆ ಹೋದರು. ನಾನು ಸೋಮಾರಿ, ಇವತ್ತು ಬರೆಯೋಣ ನಾಳೆ ಬರೆಯೋಣ ಅಂತ ಕಾರ್ಡು ಹಾಕಲೇ ಇಲ್ಲ. ಈಗ ದೊಡ್ಡವ್ವನನ್ನ ಕೇಳಬೇಕು, ಇನ್ನೇನು ಗತಿ.

ಕೇಳಿದೆ ಕೂಡ. ಚಿತ್ರಕ್ಕೆ ಯಾಕೆ ದೊಡ್ಡವ್ವ 'ಬಿಡಿಸು' ಅನ್ನೋದು?

"ಕೈ ಬುಡಬೇಕಲ್ಲ, ಅದ್ಕೆ" ಅಂದಳು, ತಲೆ ಎತ್ತದೆ.

ಮೊದಲು ನನಗೆ ತಿಳೀಲಿಲ್ಲ. ಮಾರನೇ ದಿನ ಬೆಳಗಾಗೆದ್ದು ಅವಳು ಬಾಗಿಲಲ್ಲಿ ರಂಗೋಲಿ ಬಿಡೋದನ್ನ ನೋಡಿದೆ. ದಿನಾ ನೋಡೋದೇ, ಆದರೆ ಅವತ್ತು ಬೆರಳು ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಚಿಟಿಕೆ ಪುಡಿ. ಬಿಗಿಯಾಗಿ ಹಿಡಿದರೆ ಬೀಳೋದೇ ಇಲ್ಲ. ಸಡಿಲ ಬಿಟ್ಟರೆ ಸುರಿದುಹೋಗುತ್ತೆ, ಗೆರೆ ಹಗ್ಗದಷ್ಟು ದಪ್ಪ ಆಗುತ್ತೆ. ಹಿಡಿದೂ ಹಿಡಿಯದ ಹಾಗೆ, ಬೆರಳು ಉಜ್ಜುತ್ತಾ ಉಜ್ಜುತ್ತಾ ಬಿಡಬೇಕು. ಚುಕ್ಕಿ ಸುತ್ತ ಎಳೆ ತಿರುಗೋ ಕಡೆ ಕೈ ಒಂದು ಗಳಿಗೆಯೂ ನಿಲ್ಲಬಾರದು, ನಿಂತರೆ ಅಲ್ಲೊಂದು ಗುಡ್ಡೆ. ನಾನೂ ಒಂದು ಸಲ ಹುಮ್ಮಸ್ಸಿನಿಂದ ಕೂತೆ. ಐದು ಚುಕ್ಕಿಯ ಹೂವು, ಚಿಕ್ಕ ಮಕ್ಕಳೂ ಹಾಕೋದು. ಮುಗಿಯೋ ಹೊತ್ತಿಗೆ ಯಾರೋ ನಮ್ಮ ಬಾಗಿಲಲ್ಲಿ ಹಿಟ್ಟಿನ ಚೀಲ ಹರಿದುಕೊಂಡು ಹೋದ ಹಾಗಿತ್ತು. ಹಾಲಿನವನು ದಾಟಿಕೊಂಡು ಹೋದ. ರಂಗೋಲಿ ಅಂತ ದಾಟಿದನೋ, ಕಾಲಿಗೆ ಮೆತ್ತಿಕೊಳ್ಳುತ್ತೆ ಅಂತ ದಾಟಿದನೋ.

ಇಷ್ಟು ಮೆತ್ತಗಿರೋ ಪದವನ್ನೇ ನಮ್ಮವರು ಬೈಯೋಕೂ ಬಳಸ್ತಾರೆ, ಅದೇ ನನಗೆ ಆಶ್ಚರ್ಯ. "ಮನೆಗೆ ಬಾ, ಗ್ರಹಚಾರ ಬಿಡಿಸ್ತೀನಿ." ಯೋಚನೆ ಮಾಡಿದರೆ ಇದು ಬೈಗುಳವೇ ಅಲ್ಲ, ಉಪಕಾರ. ಗ್ರಹಚಾರ ಬಿಡಿಸ್ತೀನಿ ಅಂತ ಬೋರ್ಡು ಹಾಕಿಕೊಂಡವರಿಗೆ ಜನ ದುಡ್ಡು ಕೊಟ್ಟು ಬರ್ತಾರೆ, ನಮ್ಮಪ್ಪ ಪುಗಸಟ್ಟೆ ಬಿಡಿಸೋನು. ಚಳಿ ಬಿಡಿಸ್ತೀನಿ ಅನ್ನೋದೂ ಹಾಗೇ. ಧನುರ್ಮಾಸದಲ್ಲಿ ಯಾರಾದರೂ ಬಂದು ನಿಜವಾಗಿ ಬಿಡಿಸಿದರೆ ಬೇಡ ಅಂತೀವಾ?

ನೀವು ಎಲ್ಲಿಗೋ ಹೊರಟಿದ್ದೀರಿ ಅನ್ಸುತ್ತೆ, ಮಾತು ಬಿಡಿಸಿಕೊಂಡು ಹೋಗೋಕೆ ದಾರಿ ನೋಡ್ತಾ ಇದ್ದೀರಿ. ಇರಿ, ಅವತ್ತಿನ ಸಾಯಂಕಾಲದ್ದೊಂದು ಬಾಕಿ ಇದೆ. ಮೊರ ಖಾಲಿ ಆಗ್ತಾ ಬಂದಿತ್ತು. ಕೊಟ್ಟಿಗೆ ಕಡೆಯಿಂದ ಕರು ಒಂದೇ ಸಮ ಅರಚೋಕೆ ಶುರು ಮಾಡ್ತು, ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು. "ಓಗವ್ವ, ಅದನ್ನ ಮೊದ್ಲು ಬುಡಿಸು" ಅಂದಳು ದೊಡ್ಡವ್ವ. ಹುಡುಗಿ ತಲೆ ಎತ್ತಿ, ಕರುವನ್ನ ಯಾವ ಬಣ್ಣದಲ್ಲಿ ಅಜ್ಜಿ ಅಂತ ಕೇಳಿದಳು. ಆಮೇಲೆ ಅವಳಿಗೇ ಅರ್ಥ ಆಗಿ, ಕ್ರೇಯಾನ್ ಬಿಸಾಕಿ ಓಡಿದಳು.

ಪುಸ್ತಕ ತೆರೆದೇ ಇತ್ತು. ನವಿಲಿಗೆ ಗರಿ ಎಲ್ಲ ಬಂದಿತ್ತು, ಕಾಲು ಇನ್ನೂ ಬಂದಿರಲಿಲ್ಲ. ಮೊರದಿಂದ ಇಳಿದ ಒಂದು ಅವರೆ ಹುಳ, ಹಸಿರಾಗಿ, ಬೆನ್ನು ಮಡಿಸುತ್ತಾ ಚಾಚುತ್ತಾ, ಸೀದಾ ಅದರ ಕೊಕ್ಕಿನ ಕಡೆಗೇ ಹೋಗ್ತಾ ಇತ್ತು.