ಆರತಿಗೆ ಮುನ್ನ ಅಂಕಪಟ್ಟಿ

ಕಾವೇರಿ ಆರತಿಯ ಆಯೋಜಕ ಮಹಾಶಯರಿಗೆ,

ಹರಿದ್ವಾರ, ಕಾಶಿಗಳಲ್ಲಿ ಗಂಗಾರತಿ ನೋಡಿಬಂದು, ಸುಮಾರು 92 ಕೋಟಿ ರೂಪಾಯಿಯ ಅಂದಾಜು ಹಾಕಿ, 2025ರ ಸೆಪ್ಟೆಂಬರಿನಲ್ಲಿ ಕೆಆರ್‌ಎಸ್ (ಕನ್ನಂಬಾಡಿ ಕಟ್ಟೆ) ಬೃಂದಾವನದಲ್ಲಿ ಕಾವೇರಿಗೆ ಆರತಿ ಎತ್ತಿಸಿದಿರಿ. ನಿಮ್ಮ ಭಕ್ತಿಯ ಬಗ್ಗೆ ನಮಗೆ ಎಳ್ಳಷ್ಟೂ ಅನುಮಾನವಿಲ್ಲ. ಆರತಿ ತೀರಾ ಚಿಕ್ಕದಾಯಿತು ಎಂಬುದೊಂದೇ ನಮ್ಮ ತಕರಾರು. 124.80 ಅಡಿಯವರೆಗೆ ತುಂಬಿ 49.45 ಟಿಎಂಸಿ ಹಿಡಿದು ನಿಂತ ಕಟ್ಟೆಗೆ ಯಾರಾದರೂ ಕೈಮುಗಿದಾರು. ಕಟ್ಟೆ ತುಂಬಿಸುವ, ತುಂಬಿದ್ದನ್ನು ಕೆಡಿಸುವ ಜಾಗಗಳಿಗೂ ದೀಪ ಹಿಡಿದರೆ ಅಲ್ಲಿ ಏನೇನಿದೆ ಎಂಬುದಾದರೂ ಕಂಡೀತು.

ಆದ್ದರಿಂದ ಆರತಿ ಊರೂರಿಗೆ ಹೊರಡಲಿ. ಹೇಮಾವತಿ ಈ ಕಟ್ಟೆಯ ಹಿನ್ನೀರು ಸೇರುವ ಕೆ.ಆರ್.ಪೇಟೆಯಲ್ಲಿ ಹೂಳು ತುಂಬಿದ ಕೆರೆಗಳ ಏರಿಯ ಮೇಲೆ ಒಂದು ಆರತಿ. ನಾಗಮಂಗಲದಲ್ಲಿ ಕೊಳವೆಬಾವಿಗೊಂದು: ಅಲ್ಲಿ ದೇವಿ ಪಾತಾಳದಲ್ಲಿದ್ದಾಳೆ, ಪ್ರಸಾದದಲ್ಲಿ ಫ್ಲೋರೈಡ್ ಇದೆ, ನೀರನ್ನು ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಕಡೆಯವೆರಡು ಶ್ರೀರಂಗಪಟ್ಟಣದಲ್ಲಿ. ಚರಂಡಿ ನೀರು ಹೊಳೆಗೆ ಬೀಳುವಲ್ಲಿ ಒಂದು. ಅಸ್ಥಿಯ ಜೊತೆಗೆ ಬಟ್ಟೆಬರೆಯನ್ನೂ ಬಿಟ್ಟುಹೋಗುವ ಪಶ್ಚಿಮವಾಹಿನಿಯಲ್ಲಿ ಇನ್ನೊಂದು. ಅಲ್ಲಿ ಧೂಪ ತುಸು ಹೆಚ್ಚೇ ಬೇಕಾದೀತು.

ಆರತಿಯಿಂದ ಜನಜಾಗೃತಿಯಾಗುತ್ತದೆ ಎನ್ನುತ್ತೀರಿ. ದಿನವೂ ಆರತಿ ಕಾಣುವ ಗಂಗೆಯ ಗತಿ ನೋಡಿ. 2025ರ ಮಹಾಕುಂಭದ ಹೊತ್ತಿನಲ್ಲಿ ಪ್ರಯಾಗರಾಜದ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸ್ನಾನದ ಮಿತಿಯನ್ನು ಮೀರಿತ್ತೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹಸಿರು ನ್ಯಾಯಾಧಿಕರಣಕ್ಕೆ ವರದಿ ಕೊಟ್ಟಿತು. ಭಕ್ತಿಗೆ ಕೊರತೆಯಿತ್ತೇ? ಕೋಟಿಗಟ್ಟಲೆ ಜನ ಮುಳುಗೆದ್ದಿದ್ದರು. ಪಾಂಡವಪುರದ ಬೇಬಿ ಬೆಟ್ಟದ ಕಡೆಗೂ ನೋಡಿ. ಕಟ್ಟೆಗೆ ಅಲ್ಲಿನ ಕಲ್ಲುಗಣಿಯ ಸ್ಫೋಟದ ಭಯ ವರ್ಷಾನುಗಟ್ಟಲೆ ಕಾಡಿತ್ತು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತಲಿನ 20 ಕಿಲೋಮೀಟರ್‌ನಲ್ಲಿ ಗಣಿಗಾರಿಕೆ ನಿಲ್ಲಿಸಬೇಕೆಂದಿತು. ಕಟ್ಟೆಗೆ ಕಾವಲು ಸಿಕ್ಕಿದ್ದು ಒಂದು ಆದೇಶದಿಂದ, ಅದೂ ಕಿಲೋಮೀಟರ್ ಲೆಕ್ಕ ಹಿಡಿದ ಆದೇಶದಿಂದ. ನೀರನ್ನು ಕಾಯುವುದು ಅಳತೆ ಮತ್ತು ಕಟ್ಟಳೆ.

ಪ್ರವಾಸಿಗರು ಬಂದರೆ ಹಳ್ಳಿಗಳಿಗೆ ಸಂಪಾದನೆಯಾಗುತ್ತದೆ ಎಂಬುದು ನಿಮ್ಮ ಎರಡನೆಯ ವಾದ. ಆಗಲಿ, ಹೂವು-ಕಾಯಿ ಮಾರುವವರ ಹೊಟ್ಟೆಯ ಮೇಲೆ ನಾವೇಕೆ ಹೊಡೆಯೋಣ? ಆದರೆ ಬಂದವರೆಲ್ಲ ಶೌಚಕ್ಕೂ ಹೋಗುತ್ತಾರೆ, ಬಾಟಲಿಯನ್ನೂ ಎಸೆಯುತ್ತಾರೆ. ಆ ಹೊಲಸು ಇಳಿಯುವುದು ಆರತಿ ಪಡೆದ ನದಿಗೇ. ಇದನ್ನೆಲ್ಲ ಕೇಳುವವರು ನಾಸ್ತಿಕರು ಎನ್ನುವುದು ಮೂರನೆಯ ವಾದ. ತುಂಬಿದ ಕನ್ನಂಬಾಡಿ ಕಟ್ಟೆಗೆ ಬಾಗಿನ ಕೊಡುವ ಸೀಮೆ ಇದು, ನಮಗೆ ಭಕ್ತಿ ಕಲಿಸಬೇಕಿಲ್ಲ. ಬಾಗಿನಕ್ಕೂ ಒಂದು ಷರತ್ತಿದೆ: ಮೊದಲು ನೀರು ತುಂಬಬೇಕು, ಆಮೇಲೆ ಬಾಗಿನದ ಮೊರ.

ಅದೇ ಷರತ್ತು ಆರತಿಗೂ ಇರಲಿ. ಕೇಂದ್ರ ಮಂಡಳಿ ನದಿನೀರಿಗೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಡುತ್ತದೆ, ‘ಬಿ’ ಸಿಕ್ಕರೆ ಸ್ನಾನಕ್ಕೆ ಯೋಗ್ಯ. ಮಂಗಳಾರತಿಗೆ ಮುನ್ನ ಆ ತಿಂಗಳ ದರ್ಜೆಯನ್ನು ಧ್ವನಿವರ್ಧಕದಲ್ಲಿ ಓದಿಸಿ. ‘ಬಿ’ಗಿಂತ ಕೆಳಗಿದ್ದರೆ ಅಂದಿನ ಆರತಿಯ ಖರ್ಚು ಚರಂಡಿ ನೀರಿನ ಶುದ್ಧೀಕರಣಕ್ಕೆ ಹೋಗಲಿ. ಇಷ್ಟಕ್ಕೆ ಒಪ್ಪಿದರೆ ಮೊದಲ ಸಾಲಿನಲ್ಲಿ ಜಾಗಟೆ ಬಾರಿಸಲು ನಾವೇ ಬರುತ್ತೇವೆ.

ಇಂತಿ,
ಕಾವೇರಿ ನೀರು ಕುಡಿಯುವ, ಕಾಯುವ ನಾಲ್ಕು ತಾಲ್ಲೂಕುಗಳವರ ಪರವಾಗಿ